ಸಾಣೆ ಹಿಡಿಸಿದ ಗಾಲ್ಫ್ ಕೋಲು

ಹುಣಸೆಹಣ್ಣು, ಬೂದಿ ಹಚ್ಚಿ ಲೋಹ ತಿಕ್ಕುವ ವಾಸನೆ ನಿಮಗೆ ಹಬ್ಬದ ವಾಸನೆಯಾಗಿರಬಹುದು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಈ ಸಲ ಖಂಡೆ ಪೂಜೆಗೆಂದು, ಅಂದರೆ ದಸರೆಯ ಆಯುಧ ಪೂಜೆಗೆಂದು, ಮಾದನಹಿಪ್ಪರಗಾಕ್ಕೆ ಮಾಮಾರ ಮನೆಗೆ ಹೋದಾಗ ಅಂಗಳದಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಅತ್ತೆ ಕುಡಗೋಲು, ಕೊಡಲಿ ಮುಂದಿಟ್ಟುಕೊಂಡು ತಿಕ್ಕುತ್ತಿದ್ದರು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಮಿಲಿಟರಿಯಲ್ಲಿದ್ದರು. ಅಲ್ಲಿ ಸಾಹೇಬರ ಚೀಲ ಹೊರುತ್ತ ಹೊರುತ್ತ ತಾವೂ ಗಾಲ್ಫ್ ಕಲಿತರು. ಪೆನ್ಶನ್ ಜೊತೆಗೆ ಒಂದು ಹಳೆಯ ಕೋಲನ್ನೂ ಊರಿಗೆ ತಂದರು. ದೂರ ಬಾರಿಸುವ ಕೋಲಲ್ಲ ಅದು. ಕುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲಗೆ ಎತ್ತಿ, ಬಿದ್ದಲ್ಲೇ ಕೂರಿಸುವ ಕೋಲು. ಸಂಜೆ ರಾಶಿ ಮಾಡುವ ಕಣದಲ್ಲಿ ತೋಯಿಸಿದ ಗೋಣಿತಟ್ಟು ಹಾಸಿ, ಜೋಳದ ಕಣಿಕೆಯ ಬಣವೆಯ ಮೇಲಿಂದ ಚೆಂಡು ಹಾರಿಸುತ್ತಿದ್ದರು. ಅದು ತಟ್ಟಿನ ಮೇಲೆ ಬಿದ್ದು ಒಂದು ಗೇಣೂ ಉರುಳದೆ ಕೂರುತ್ತಿತ್ತು. ನಾನೂ ಒಮ್ಮೆ ಒಂದು ಕೈ ನೋಡಲು ಹೋಗಿ ಬಣವೆಗೇ ಬಾರಿಸಿದೆ. ಆಳಂದ ಡಿಪೋದ ಬಸ್ಸಿನಲ್ಲಿ ಟಿಕೆಟ್ ಹರಿಯುವ ಕೈ ಅದು, ಅದರಿಂದ ಇನ್ನೇನಾದೀತು?

ಹೀಗಿರುವಾಗ, ಕೆಲವು ವರ್ಷಗಳ ಹಿಂದೆ, ಹೈದರಾಬಾದ್ ಹತ್ತಿರದ ಗಾಲ್ಫ್ ಮೈದಾನವೊಂದರವರು ಹೊಸಬರಿಗೆ ಕಲಿಸಲು ಜನ ಬೇಕೆಂದು ಮಾಮಾರನ್ನು ಕರೆದರು. ತಮ್ಮದೇ ಕೋಲು ತಂದು ಹತ್ತಿರದ ಹೊಡೆತ ಹೊಡೆದು ತೋರಿಸಬೇಕು. ಅಷ್ಟರಲ್ಲಿ ಆ ವರ್ಷದ ಖಂಡೆ ಪೂಜೆ ಬಂತು. ನಮ್ಮ ಕಡೆ ಆ ದಿನ ಮನೆಯ ಹತ್ಯಾರಗಳೆಲ್ಲ ಹೊಳೆಯಲೇಬೇಕು. ಅತ್ತೆಗೆ ಬೂದಿ ಸಾಲಲಿಲ್ಲ. ಗಂಡ ದೊಡ್ಡ ಕೆಲಸಕ್ಕೆ ಹೊರಟಿದ್ದಾರೆಂಬ ಹಿಗ್ಗಿನಲ್ಲಿ ಸಾಣೆಯವನನ್ನು ಕರೆಸಿ ಕೋಲಿನ ಮುಖವನ್ನು ಚಕ್ರಕ್ಕೆ ಹಿಡಿಸಿದರು.

"ಎಂಥಾ ಹೊಲಸ ಗೆರಿ ಕುಂತಿದ್ವು ನೋಡ್ರಿ. ಎಲ್ಲಾ ತಗಸೀನಿ. ಈಗ ಮಾರಿ ಕಾಣತದ!" ಎಂದು ಅತ್ತೆ ಅದನ್ನು ಗಂಡನ ಮುಂದೆ ಹಿಡಿದರು.

ಮಾಮಾ ಅದರ ಮೇಲೆ ಹೆಬ್ಬೆರಳು ಆಡಿಸಿ, "ಛಲೋ ಮಾಡಿದಿ," ಅಂದರು. ಕೋಲು ಕುಂಕುಮ ಹಚ್ಚಿಸಿಕೊಂಡು ಬಸ್ಸು ಹತ್ತಿತು. ಜೊತೆಗೆ ನಾನೂ ರಜೆ ಹಾಕಿ ಹೋದೆ.

ಅಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಬೆಳಗಿನ ಇಬ್ಬನಿ ಆರದ ಹುಲ್ಲು. ಮಾಮಾರ ಚೆಂಡು ಬೀಳಬೇಕಾದಲ್ಲೇ ಬಿತ್ತು, ಆದರೆ ನಿಲ್ಲಲಿಲ್ಲ. ಉರುಳಿ ಉರುಳಿ ಕುಳಿ ದಾಟಿ ಆಚೆ ಹೋಯಿತು. ಮತ್ತೆ ಹೊಡೆದರು, ಮತ್ತೆ ಹೋಯಿತು. ಪರೀಕ್ಷೆಗೆ ನಿಂತಿದ್ದ ಕರಿ ಕನ್ನಡಕದ ಮಹಾಶಯ ಆ ಕೋಲನ್ನು ಒಮ್ಮೆ ತಿರುಗಿಸಿ ನೋಡಲೂ ಇಲ್ಲ. ಕೈ ಹೋಗಿದೆ ಎಂದು ಕಳಿಸಿಬಿಟ್ಟ.

ಊರು ಅವನಿಗಿಂತ ಒಂದು ಕೈ ಮೇಲು. "ಕುಡದ ಹೋಗ್ಯಾನ, ಕೈ ನಡಗ್ಯಾವ" ಎಂದು ಹಬ್ಬಿಸಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯನಿಗೆ! ಮಿಲಿಟರಿ ಕ್ಯಾಂಟೀನಿನ ಬಾಟಲಿಯನ್ನು ಕಾಡಿ ಬೇಡಿ ತರಿಸಿಕೊಂಡು ಕುಡಿದವರೇ ಈ ಮಾತು ಹುಟ್ಟಿಸಿದವರು. ಉಂಡ ಮನೆಯ ಜಂತಿ ಎಣಿಸುವ ಜನ. ಜೊತೆಗಿದ್ದವನು ನಾನು, ಕುಡಿದಿರಲಿಲ್ಲ ಎಂದು ಎಷ್ಟು ಹೇಳಿದರೂ ಅತ್ತೆಯೂ ಅದನ್ನೇ ನಂಬಿದರು. ಮಾಮಾ ಮಾತ್ರ ತುಟಿ ಬಿಚ್ಚದೆ ಕೋಲನ್ನು ಅಟ್ಟಕ್ಕೆ ಎಸೆದರು.

ಮೊನ್ನೆ ಏನೋ ಕೆಲಸಕ್ಕೆ ಹೈದರಾಬಾದಿಗೆ ಹೋದವನು ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದೇ ಹೊಸ ಕೋಲು ಕಂಡೆ. ಮುಖದ ತುಂಬ ಸಾಲು ಸಾಲು ಗೆರೆ. ಯಾಕೆ ಇವು ಎಂದು ಕೇಳಿದೆ. ಅಂಗಡಿಯವ ಹೇಳಿದ: ಹುಲ್ಲಿನ ತೇವ ಆ ಗೆರೆಗಳಲ್ಲಿ ಇಳಿದರೇ ಕೋಲು ಚೆಂಡನ್ನು ಹಿಡಿಯುವುದು, ಹಿಂದಕ್ಕೆ ತಿರುಗಿಸುವುದು. ಗೆರೆ ಸವೆದರೆ ಚೆಂಡು ಜಾರಿ ಹೋಗುತ್ತದೆ. ಹತ್ತಿರದ ಆಟ ಅಲ್ಲಿಗೆ ಮುಗಿಯಿತು. ಬೀಸುಕಲ್ಲು ನುಣುಪಾದರೆ ಜೋಳ ಒಡೆಯುವುದಿಲ್ಲವೆಂದು ಕಚ್ಚು ಹೊಡೆಸುವ ಊರು ನಮ್ಮದು. ಅಂಥ ಊರಿನಲ್ಲಿ ಒಬ್ಬನಿಗೂ ಇದು ಹೊಳೆಯಲಿಲ್ಲವಲ್ಲ! ನನಗೂ ಹೊಳೆಯಲಿಲ್ಲ, ಆ ಮಾತು ಬೇರೆ.

ಈ ಸಿಟ್ಟನ್ನು ಹೊತ್ತುಕೊಂಡೇ ಈ ಸಲ ಹಬ್ಬಕ್ಕೆ ಹೋಗಿದ್ದೆ. ನಾನು ಕೂರುವ ಮೊದಲೇ ಅತ್ತೆ ಶುರು ಮಾಡಿದರು.

"ಅವತ್ತ ಕುಡೀಲಾರದ ಹೋಗಿದ್ರ ಇವತ್ತ ಹೈದರಾಬಾದದಾಗ ಮನಿ ಇರ್ತಿತ್ತು."

"ಅತ್ತೀ, ಇಲ್ಲಿ ಕೇಳ್ರಿ. ಅವತ್ತ ಕೆಟ್ಟಿದ್ದು ಮಾಮಾನ ಕೈ ಅಲ್ಲ..."

ಮಾಮಾ ನನ್ನ ರಟ್ಟೆ ಹಿಡಿದು ಹೊರಗಿನ ಕಟ್ಟೆಗೆ ಎಳೆದು ತಂದರು.

"ಗೆರಿ ಮಾತ ಹೇಳಾಕ ಹೊಂಟಿದ್ದೇನಲೇ?"

"ನಿಮಗ ಗೊತ್ತಿತ್ತೇನ್ರಿ?"

"ಹೆಬ್ಬಟ್ಟ ಇಟ್ಟಾಗೇ ಗೊತ್ತಾತು. ಹೆಂಗರ ಸಂಭಾಳಸ್ತೀನಿ ಅನ್ಕೊಂಡಿದ್ದೆ. ಆಗ್ಲಿಲ್ಲ."

"ಮತ್ಯಾಕ ಸುಮ್ನಿದ್ರಿ, ಕುಡಕ ಅನಸ್ಕೊಂಡು?" ನನ್ನ ದನಿ ಏರಿತ್ತು.

"ನಾ ಕುಡಕ ಅಂದ್ರ ಆಕಿ ನಾಕ ಮಾತ ಬೈತಾಳ, ಆಮ್ಯಾಲ ಊಟಕ್ಕ ಕರೀತಾಳ. ತನ್ನ ಕೈಲೆ ಹೋಯ್ತು ಅಂತ ತಿಳದ್ರ ಆಕೀನೇ ಉಣ್ಣಂಗಿಲ್ಲಲೇ."

ಈ ಸಿಟ್ಟನ್ನು ಈಗ ಯಾರ ಮೇಲೆ ತೀರಿಸಿಕೊಳ್ಳಲಿ, ನೀವೇ ಹೇಳಿ. ಕೊನೆಗೆ ಮಾಮಾರ ಮೇಲೆಯೇ ಬಂತು. ಒಳಗಿನಿಂದ ಅತ್ತೆ ಕೂಗಿದರು: "ಏನೋ ಹೇಳಾಕತ್ತಿದ್ದೆಲ್ಲೋ ತಮ್ಮಾ? ಕೆಟ್ಟಿದ್ದು ಮತ್ತೇನು?"

ಹೊಸ್ತಿಲಲ್ಲಿ ನಿಂತು ಹಲ್ಲು ಕಚ್ಚಿ ಹೇಳಿದೆ: "ಏನಿಲ್ರಿ ಅತ್ತಿ. ಅವತ್ತ ಭಾಳ ಕುಡದಿದ್ರು."