ಬೀರು ಸಮೇತ ಬಾಗಿನ

ಕರಿಬಸಮ್ಮನ ನಾದಿನಿಯ ಬೀರು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಕರಿಬಸಮ್ಮನ ಮನೆಗೂ ಒಂದೇ ಗೋಡೆ. ಅವಳಿಗಿದ್ದುದು ಒಂದು ರೂಮು, ಒಂದು ಅಡುಗೆಮನೆ. ರೂಮಿಗೆ ಒಂದೇ ಕಿಟಕಿ. ಆ ಕಿಟಕಿಗೆ ಅಡ್ಡವಾಗಿ ನಿಂತಿತ್ತು ಹುಚ್ಚಮ್ಮನ ಕಬ್ಬಿಣದ ಬೀರು.

ಹುಚ್ಚಮ್ಮ ಎಂದರೆ ಕರಿಬಸಮ್ಮನ ಗಂಡ ಮಾರಪ್ಪನ ತಂಗಿ. ಶಿವಮೊಗ್ಗದಲ್ಲಿ ಸಂಸಾರ. "ಬಾಡಿಗೆ ಮನೆ ಚಿಕ್ಕದು, ಸ್ವಲ್ಪ ದಿನ ಇಲ್ಲಿರ್ಲಿ ಅಣ್ಣ" ಎಂದು ತಂದಿಟ್ಟಳು. ಆಮೇಲೆ ಅವರು ಸ್ವಂತ ಮನೆ ಕಟ್ಟಿಸಿದರು, ಗೃಹಪ್ರವೇಶಕ್ಕೆ ಹೋಗಿ ನಾವೆಲ್ಲ ಪಾಯಸ ಉಂಡು ಬಂದೆವು. ಬೀರು ಮಾತ್ರ ಕದಲಲಿಲ್ಲ. ಬೀಗದ ಕೈ ಅವಳ ಸೊಂಟದಲ್ಲಿ. ಪ್ರತಿ ಸಲ ಬಂದಾಗಲೂ ಹಿಡಿ ಎಳೆದು, ಬೀಗ ಭದ್ರವಾಗಿದೆಯೆಂದು ನೋಡಿಯೇ ಹೋಗುತ್ತಿದ್ದಳು. ಅತ್ತಿಗೆ ಏನು ಕಳ್ಳಿಯೇ?

ಕರಿಬಸಮ್ಮ ನಮ್ಮ ಇಡೀ ಸಾಲಿಗೆ ರವಿಕೆ ಹೊಲಿಯುವವಳು. ಮಟಮಟ ಮಧ್ಯಾಹ್ನವೂ ಬಲ್ಬು ಹಾಕಿಕೊಂಡು ಹೊಲಿಯಬೇಕು. ಕರೆಂಟು ಹೋದರೆ ಕೆಲಸ ನಿಂತಂತೆ. ಕಣ್ಣುರಿ, ತಲೆನೋವು. ಒಂದು ಸಲ ಸೂಜಿ ಬೆರಳಿಗೇ ಇಳಿಯಿತು. ಮಾರಪ್ಪನಿಗೆ ಹೇಳಿದರೆ, "ಇರ್ಲಿ ಬಿಡು ಮಾರಾಯ್ತಿ, ಅದೇನು ಅನ್ನ ಕೇಳುತ್ತಾ?" ಎನ್ನುತ್ತಿದ್ದ. ನೈಟ್ ಶಿಫ್ಟು ಮುಗಿಸಿ ಬಂದು ಹಗಲೆಲ್ಲ ಗೊರಕೆ ಹೊಡೆಯುವವನಿಗೆ ಬೆಳಕು ಯಾಕೆ ಬೇಕು!

ನಾನು ವಾರಪತ್ರಿಕೆಯಲ್ಲಿ ಓದಿದ್ದನ್ನು ಅವಳ ಮುಂದೆ ಒದರಿದೆ. ವರ್ಷದಿಂದ ಮುಟ್ಟದ ಸಾಮಾನನ್ನು ಗುಜರಿಗೆ ಹಾಕಿದರೆ ಮನೆ ಹಗುರಾಗುತ್ತದಂತೆ.

"ಅದು ಸ್ವಂತ ಸಾಮಾನು ಇರೋರಿಗೆ ಕಣೇ," ಎಂದಳು ಕರಿಬಸಮ್ಮ, ಹಲ್ಲಿನಲ್ಲಿ ದಾರ ಕಡಿಯುತ್ತಾ. "ನಂದಲ್ಲದ್ದನ್ನ ನಾನು ಹೆಂಗೆ ಗುಜರಿಗೆ ಹಾಕ್ಲಿ? ತಡಿ, ಗೌರಿ ಹಬ್ಬ ಬರ್ಲಿ."

ಅದು ತೊಂಬತ್ತೆಂಟರ ಗೌರಿ ಹಬ್ಬ. ತವರಿನ ಬಾಗಿನ ತೆಗೆದುಕೊಳ್ಳಲು ಹುಚ್ಚಮ್ಮ ಬಂದಳು. ಅಕ್ಕಪಕ್ಕದ ಹೆಂಗಸರೆಲ್ಲ ಪೂಜೆಗೆ ಸೇರಿದ್ದೆವು. ನೋಡಿದರೆ ಬೀರುವಿನ ಬಾಗಿಲಿಗೆ ಅರಿಶಿನ ಕುಂಕುಮ, ಹಿಡಿಗೆ ಸೇವಂತಿಗೆ ಹೂವು! ಕರಿಬಸಮ್ಮ ಬಾಗಿನದ ಮೊರ ಹಿಡಿದು ನಿಂತಳು.

"ಸೆರಗು ಒಡ್ಡು ಹುಚ್ಚಮ್ಮ. ಮೊರ, ಬೀರು ಎರಡೂ ಸೇರಿ ಈ ಸಲದ ಬಾಗಿನ. ಲಗೇಜ್ ಆಟೋ ಹೊರಗೆ ನಿಂತೈತೆ."

ಗೌರಿಯ ಮುಂದೆ ಕೊಟ್ಟ ಬಾಗಿನವನ್ನು ಬೇಡ ಅನ್ನುವ ಮುತ್ತೈದೆ ಎಲ್ಲಿದ್ದಾಳೆ? ಹುಚ್ಚಮ್ಮನ ಮುಖ ಕೆಂಪಾಯಿತು. "ನೋಡಣ್ಣ, ನಿನ್ನ ಹೆಂಡ್ತಿ ನನ್ನ ಹೊರಗೆ ಹಾಕ್ತಿದಾಳೆ!" ಎಂದು ಕೂಗಿದಳು. ಮಾರಪ್ಪ ಬಾಯಿ ತೆರೆದ.

"ನೀವು ಸುಮ್ನಿರಿ," ಎಂದಳು ಕರಿಬಸಮ್ಮ. ಹುಚ್ಚಮ್ಮ ಹಲ್ಲು ಕಚ್ಚಿಕೊಂಡು ಸೆರಗು ಒಡ್ಡಿದಳು.

ಆಟೋದವನೂ ಅವನ ಜೊತೆಗಾರನೂ ಬೀರು ಎತ್ತಿದರು. "ಏನಮ್ಮಾ, ಖಾಲಿ ಇದ್ದಂಗೈತಲ್ಲ?" ಎಂದ ಆಟೋದವನು. ಕರಿಬಸಮ್ಮ ನಾದಿನಿಯ ಮುಂದೆ ಕೈ ಚಾಚಿ ಬೀಗದ ಕೈ ಇಸಿದುಕೊಂಡಳು. ಬಾಗಿಲು ತೆಗೆದರೆ ಒಳಗೆ ಹಳೇ ಪೇಪರು, ಒಂದಿಷ್ಟು ನುಸಿಗುಳಿಗೆ. ಅಷ್ಟೇ. ಖಾಲಿ ಡಬ್ಬಕ್ಕಾಗಿ ಇಷ್ಟು ವರ್ಷ ಕತ್ತಲೆ! ಹುಚ್ಚಮ್ಮನ ಜುಟ್ಟು ಹಿಡಿದು ಎಳೆಯುವಷ್ಟು ಸಿಟ್ಟು ಬಂತು ನನಗೆ.

ಹುಚ್ಚಮ್ಮ ಅಳತೊಡಗಿದಳು. "ಸೀರೆಗಳನ್ನ ಯಾವಾಗ್ಲೋ ಒಯ್ದೆ ಅತ್ತಿಗೆ. ಅವ್ವ ಹೋದ್ಮೇಲೆ ಈ ಮನೇಲಿ ನಂದು ಅಂತ ಏನೈತೆ? ಬೀರು ಇದ್ರೆ ನಂಗೂ ಒಂದು ಜಾಗ ಇರುತ್ತೆ ಅಂತ…"

"ಜಾಗ ಬೇಕಿದ್ರೆ ನೀನು ಬಂದು ಕೂತ್ಕೋ!" ಎಂದಳು ಕರಿಬಸಮ್ಮ. "ಕಬ್ಬಿಣ ಯಾಕೆ ಕೂರಿಸ್ತೀಯ? ನನ್ನ ಕಣ್ಣು ಹೋಯ್ತಲ್ಲೇ!"

ಬೀರು ಆಟೋ ಹತ್ತಿದ ಮೇಲೆ, ಸಿಟ್ಟು ಇಳಿಯದೆಯೇ ಅವಳು ಆ ಜಾಗ ಗುಡಿಸಿದಳು, ತುಕ್ಕು ಹಿಡಿದ ಚಿಲಕವನ್ನು ಗುದ್ದಿ ಕಿಟಕಿ ತೆಗೆದಳು, ಅಲ್ಲೇ ನಾದಿನಿಗೆ ಎಲೆ ಹಾಕಿ ಹೋಳಿಗೆ ಬಡಿಸಿದಳು. ಹುಚ್ಚಮ್ಮ ಮೂಗೊರೆಸಿಕೊಂಡು ಉಂಡಳು. ಅವಳು ಉಂಡು ಎದ್ದ ಮೇಲೆ, ಇಬ್ಬರೂ ಸೇರಿ ಹೊಲಿಗೆ ಮಿಷನ್ನನ್ನು ಆ ಜಾಗಕ್ಕೆ ಎಳೆದಿಟ್ಟರು.