ಅಮ್ಮನ ನಡಿಗೆ ಬರೆಯಲು ಹೋಗಿ

ನಲವತ್ತೈದು ದಾಟಿದ ಮೇಲೆ ಆ್ಯನಿಮೇಶನ್ ಕಲಿಯುತ್ತೇನೆ ಅಂದಾಗ ಮನೆಯವರೆಲ್ಲ ನಕ್ಕರು. ನಗಲಿ. ಕಳಸದಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿಯಿದೆ; ಮಳೆಗಾಲದಲ್ಲಿ ಅಲ್ಲಿಗೆ ಗಿರಾಕಿಗಳಿಗಿಂತ ಹೆಚ್ಚಾಗಿ ಬರುವುದು ರಕ್ತ ಹೀರುವ ಇಂಬಳ. ಆಕಳಿಸುತ್ತಾ ಕೂರುವ ಬದಲು ಏನಾದರೂ ಕಲಿತರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ಎಲ್ಲರ ಬಾಯಿ ಮುಚ್ಚಿಸಿದೆ.

ನಿಜವಾದ ಕಾರಣ ಬೇರೆಯೇ ಇತ್ತು. ಅಮ್ಮ ತೀರಿಕೊಂಡು ಕೆಲವು ವರ್ಷಗಳಾಗಿವೆ. ಫೋಟೋಗಳು ಬೇಕಾದಷ್ಟಿವೆ, ಆದರೆ ಅವಳು ನಡೆದಾಡುವ ವಿಡಿಯೋ ಒಂದೂ ಇಲ್ಲ. ನೆಂಟರ ಮದುವೆಯ ವಿಡಿಯೋಗಳನ್ನೆಲ್ಲ ಹಾಕಿ ನೋಡಿದೆ. ಕ್ಯಾಮೆರಾದವನು ಮಂಟಪದಲ್ಲಿದ್ದರೆ ಇವಳು ಅಡುಗೆಯವರ ಹತ್ತಿರ. ಒಂದರಲ್ಲಿ ಮಾತ್ರ ಅವಳ ಸೆರಗಿನ ತುದಿ ಬಾಗಿಲು ದಾಟುತ್ತದೆ. ಅವಳು ಹೇಗೆ ನಡೆಯುತ್ತಿದ್ದಳೆಂದು ನೆನಪಿಸಿಕೊಳ್ಳಲು ಹೋದರೆ ಇತ್ತೀಚೆಗೆ ಆ ಫೋಟೋಗಳೇ ಅಡ್ಡ ಬಂದು ನಿಲ್ಲುತ್ತಿದ್ದವು. ಪೂರ್ತಿ ಮರೆತುಹೋಗುವ ಮೊದಲು ಚಿತ್ರವಾಗಿ ಬರೆದಿಟ್ಟುಕೊಳ್ಳಬೇಕು ಅನಿಸಿತು. ಹೆದರಿದ್ದೆ ಅಂದರೂ ಸರಿಯೇ.

ಶನಿವಾರ ಸಂಜೆ ಫೋನಿನಲ್ಲಿ ಕ್ಲಾಸು. ನಮ್ಮ ಮನೆ ಸಂಸೆಯ ಹತ್ತಿರ. ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಕೊಡೆ ಹಿಡಿದು ಅಲ್ಲೇ ಕೂರುತ್ತಿದ್ದೆ. ಕಲಿಸುವ ಸರ್ ಬಯಲುಸೀಮೆಯವರು, ನನಗಿಂತ ಚಿಕ್ಕವರು, ತಾಳ್ಮೆಯ ಮನುಷ್ಯ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿ ಸಾಲಾಗಿ ಓಡಿಸಿದರೆ ಕಣ್ಣು ಮೋಸಹೋಗುತ್ತದೆ, ವಿದ್ಯೆಯೆಲ್ಲ ಇಷ್ಟೇ ಅಂದರು. ಆ ‘ಇಷ್ಟೇ’ಯನ್ನು ನಂಬಿ ಕೆಟ್ಟೆ.

ಮೊದಲ ಪಾಠ ಚೆಂಡು ಪುಟಿಸುವುದು. ನೆಲಕ್ಕೆ ಬಿದ್ದಾಗ ಕೊಂಚ ಚಪ್ಪಟೆ, ಮೇಲೇಳುವಾಗ ಕೊಂಚ ಉದ್ದ, ಪ್ರತಿ ನೆಗೆತವೂ ಹಿಂದಿನದಕ್ಕಿಂತ ಗಿಡ್ಡ. ನನ್ನ ಚೆಂಡು ಎಲ್ಲವನ್ನೂ ಪಾಲಿಸಿತು. ಕೊನೆಗೆ ನಿಲ್ಲುವ ಬದಲು ಪರದೆಯ ಬಲಗಡೆಯಿಂದ ಉರುಳಿಕೊಂಡು ಹೊರಟೇಹೋಯಿತು. ಎಲ್ಲಿಗೆ ಹೋಯಿತು ಮೇಡಂ ಎಂದು ಸರ್ ಕೇಳಿದರು. ಹಳ್ಳಕ್ಕೆ ಅಂದೆ. ನಮ್ಮಲ್ಲಿ ಕೈಬಿಟ್ಟ ಚೆಂಡು ಇನ್ನೆಲ್ಲಿಗೆ ಹೋಗುತ್ತದೆ? ಚಿಕ್ಕಂದಿನಲ್ಲಿ ನಾವು ಆಡಿದ್ದಕ್ಕಿಂತ ಹಳ್ಳಕ್ಕಿಳಿದು ಚೆಂಡು ಹುಡುಕಿದ್ದೇ ಹೆಚ್ಚು. ಕ್ಲಾಸಿನವರೆಲ್ಲ ನಕ್ಕರು. ನೆಲ ಮಟ್ಟವಾಗಿದೆ ಅಂದುಕೊಳ್ಳಿ ಎಂದು ಸರ್ ಮುಂದಿನ ಪಾಠಕ್ಕೆ ಹೋದರು.

ಕೆಲವು ವಾರಗಳ ಮೇಲೆ ನಡಿಗೆಯ ಪಾಠ ಬಂತು. ನಾನು ಕಾದಿದ್ದೇ ಅದಕ್ಕೆ. ಬಲ ಹೆಜ್ಜೆ, ಎಡ ಹೆಜ್ಜೆ, ಕೊನೆಯ ಚಿತ್ರವನ್ನು ಮೊದಲಿನದಕ್ಕೆ ಸೇರಿಸಿಬಿಟ್ಟರೆ ಆಯಿತು, ಮನುಷ್ಯ ನಡೆಯುತ್ತಲೇ ಇರುತ್ತಾನೆ. ಅಂಗಡಿಯ ಗಲ್ಲಾದ ಹಿಂದೆ ಕೂತು ಅಮ್ಮನನ್ನು ಬರೆದೆ. ಎತ್ತಿಕಟ್ಟಿದ ಸೀರೆ, ತಲೆಗೆ ಸುತ್ತಿದ ಟವೆಲ್ಲು. ಓಡಿಸಿ ನೋಡಿದೆ. ಅವಳೇ.

ಸರ್ ಅದನ್ನು ನೋಡಿ ಚೆನ್ನಾಗಿದೆ, ಆದರೆ ತಪ್ಪು ಅಂದರು. ಮೈ ಮುಂದಕ್ಕೆ ವಾಲಿದೆ, ಮೊಣಕಾಲು ತೀರಾ ಮೇಲೆ ಬರುತ್ತಿದೆ, ಕೈ ತೊಡೆಯ ಮೇಲೆ ಊರುತ್ತಿದೆ. ಇವರು ನಡೆಯುತ್ತಿಲ್ಲ, ಗುಡ್ಡ ಹತ್ತುತ್ತಿದ್ದಾರೆ.

ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿಯೇ. ನೆಲವೆಂದು ನಾನು ಎಳೆದಿದ್ದು ಮಟ್ಟಸವಾದ ಗೆರೆ, ಅದರ ಮೇಲೆ ಅಮ್ಮ ಏದುಸಿರು ಬಿಡುತ್ತಾ ಏರುತ್ತಿದ್ದಳು. ನಮ್ಮ ಮನೆಗಿಂತ ತೋಟ ಮೇಲೆ, ಬಸ್ಸಿನ ರಸ್ತೆ ಇನ್ನೂ ಮೇಲೆ. ಅವಳು ಸಪಾಟಾದ ಕಡೆ ನಡೆದದ್ದಾದರೂ ಯಾವಾಗ? ಹಟಕ್ಕೆ ಬಿದ್ದು ತಿದ್ದಿದೆ. ಬೆನ್ನು ನೆಟ್ಟಗೆ ಮಾಡಿದೆ, ಮೊಣಕಾಲು ಇಳಿಸಿದೆ, ಕೈಗಳು ಹಿಂದೆ ಮುಂದೆ ಬೀಸುವಂತೆ ಮಾಡಿದೆ. ಸರ್ ಭೇಷ್ ಅಂದರು.

ಅದನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ನಮ್ಮ ಜೊತೆಗೇ ಇದ್ದಾರೆ. ಅಮ್ಮನ ವಿಷಯ ತಾವಾಗಿ ಎತ್ತುವವರಲ್ಲ. ಕನ್ನಡಕ ಹಾಕಿಕೊಂಡು ನೋಡಿ, ಇದ್ಯಾರು, ಶಾಲೆ ಟೀಚರಾ ಅಂದರು. ಪಿತ್ತ ನೆತ್ತಿಗೇರಿತು. ತಪ್ಪಾಗಿದ್ದ ಹಳೆಯದನ್ನೇ ತೆಗೆದು ಅವರ ಮುಂದೆ ಹಿಡಿದೆ.

ಅವರು ಫೋನು ಇಸಿದುಕೊಂಡು ಜಗಲಿಯ ಬೆಳಕಿಗೆ ಹೋದರು. ಅವರ ಕಾಫಿ ಆರಿತು. ಅಮ್ಮ ಹತ್ತುತ್ತಲೇ ಇದ್ದಳು. ಸಪಾಟಾದ ಕಣದಲ್ಲಿ ಕಾಲಿಂದ ಕಾಫಿ ಹರವುವಾಗಲೂ ಇವಳು ಹೀಗೇ ನಡೆಯುತ್ತಿದ್ದಳು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಮರೆತಿರಲಿಲ್ಲವಲ್ಲ ಎಂದು ನನಗೆ ಅಳುವೇ ಬಂತು. ಆಮೇಲೆ ಅಪ್ಪ ನನ್ನ ಕಡೆ ತಿರುಗಿದರು.

“ಎಷ್ಟೊತ್ತು ಅಂತ ಹತ್ತಿಸ್ತೀಯ ಮಾರಾಯ್ತಿ,” ಅಂದರು. “ಎಲ್ಲಾದ್ರೂ ಒಂಚೂರು ಕೂರ್ಸು ಅವಳನ್ನ.”

ಕೂರಿಸುವುದು ನಮ್ಮ ಪಾಠದಲ್ಲಿರಲಿಲ್ಲ. ಸರ್ ಹತ್ತಿರ ಕೇಳಿದರೆ ಅದು ಕಷ್ಟ ಮೇಡಂ, ಮುಂದಿನ ಕೋರ್ಸಿಗೆ ಬರುತ್ತದೆ ಅಂದರು. ಅಲ್ಲಿತನಕ ಯಾರು ಕಾಯುತ್ತಾರೆ? ಫೋನನ್ನು ಒಂದು ಕಲ್ಲಿಗೆ ಒರಗಿಸಿ, ಕಣದ ಕಟ್ಟೆಯ ಮೇಲೆ ನಾನೇ ಕೂತು, ಎದ್ದು, ಮತ್ತೆ ಕೂತು, ನೋಡಿ ಬರೆಯಲೆಂದು ವಿಡಿಯೋ ಮಾಡಿಕೊಂಡೆ. ಜಗಲಿಯಲ್ಲಿ ಅಪ್ಪ ನಗುತ್ತಿದ್ದರು.

ಈಗ ಅಮ್ಮ ಗುಡ್ಡ ಹತ್ತಿ ಬರುತ್ತಾಳೆ, ತಲೆಯ ಟವೆಲ್ಲು ತೆಗೆಯುತ್ತಾಳೆ, ಕಟ್ಟೆಯ ಮೇಲೆ ಕೂರುತ್ತಾಳೆ. ಹತ್ತುವುದೆಲ್ಲ ನೆನಪಿನಿಂದಲೇ ಬಂತು. ಸುಮ್ಮನೆ ಕೂತಾಗ ಅವಳು ಕೈ ಎಲ್ಲಿಟ್ಟುಕೊಳ್ಳುತ್ತಿದ್ದಳು ಎಂದು ಅಪ್ಪನನ್ನು ಕೇಳಿದೆ. ಅವಳು ಸುಮ್ಮನೆ ಕೂತದ್ದು ಅವರಿಗೂ ನೆನಪಿರಲಿಲ್ಲ. ಅದನ್ನು ಮಾತ್ರ ಊಹಿಸಿ ಬರೆದೆ.