ಟ್ರಾಂಟರ್ ಅಂದ್ರೆ ಯಾರು ಗೊತ್ತುಂಟಾ?

ಮಾರಾಯ್ರೆ, ನಮ್ಮ ದುಬೈ ಆಫೀಸಿನ ಇಂಗ್ಲಿಷ್ ಬಾಸ್ ಟ್ರಾಂಟರ್ ಇವತ್ತು ಚಹಾ ಕುಡಿಯುತ್ತಾ ತಮ್ಮ ಸರ್‌ನೇಮಿನ ಅರ್ಥ ಹೇಳಿಬಿಟ್ಟರು. ಹಳೇ ಇಂಗ್ಲಿಷಿನಲ್ಲಿ ಟ್ರಾಂಟರ್ ಅಂದರೆ ಕುದುರೆಗಾಡಿಯಲ್ಲಿ ಊರವರ ಸಾಮಾನು ಸಾಗಿಸುವವನಂತೆ. ಅವರ ಹಿರಿಯರ ಕಸುಬು ಅದೇ ಇರಬೇಕಂತೆ.

ಅಕೌಂಟ್ಸಿನ ಲವೀನಾಳ ಕಣ್ಣು ಅರಳಿತು. "ಸರ್, ನಾಳೆ ನಮ್ಮ ಆಫೀಸಿನ ರೋಶನ್‌ನ ಮದುವೆಗೆ ಮಂಗಳೂರಿಗೆ ಹೋಗ್ತೀರಲ್ಲ? ಮಮ್ಮಿಗೆ ಒಂದು ಸಣ್ಣ ಪಾರ್ಸೆಲ್ ಉಂಟು."

ಸಂಜೆಯೊಳಗೆ ಬಾಸ್ ಮೇಜಿನ ಮೇಲೆ ಹಾಲಿನ ಪುಡಿ, ಖರ್ಜೂರ, ನೋವಿನ ಮುಲಾಮು, ಯಾರದ್ದೋ ಮಗುವಿನ ಸೈಕಲ್! "ಖಲಾಸ್, ಖಲಾಸ್! ಇನ್ನು ಸಾಕು!" ಎಂದು ಕೈಮುಗಿದರು. "ನಮ್ಮಜ್ಜಂದಿರಿಗೆ ಕುದುರೆಯಾದರೂ ಇತ್ತು."

ನನಗೆ ಪಾಪ ಅನ್ನಿಸಿತು. ಅತ್ತೆಗೆ ಕಳಿಸಬೇಕಾದ ಮಿಕ್ಸಿಯ ಸುದ್ದಿಯನ್ನೇ ಎತ್ತಲಿಲ್ಲ. ನಾಳೆ ಏರ್‌ಪೋರ್ಟಿನಲ್ಲೇ ಕೊಟ್ಟರಾಯಿತು.